ಮಳೆ ಬರುವ ಮೊದಲೇ ಮುಗಿಯುವ ಹೊಣೆ

ಬಾಗಲಕೋಟೆ ಜಿಲ್ಲೆಯಲ್ಲಿ ಸರ್ಕಾರಿ ಕಟ್ಟಡದ ಮಾಳಿಗೆ ಗಟ್ಟಿಯೋ ಜೊಳ್ಳೋ ಎಂಬುದು ತಿಳಿಯುವುದು ಜೂನ್ ತಿಂಗಳಲ್ಲಲ್ಲ, ಸೆಪ್ಟೆಂಬರಿನಲ್ಲಿ. ಮಲೆನಾಡಿನ ಶಾಲೆಗೆ ಮುಂಗಾರಿನ ಮೊದಲ ವಾರವೇ ಪರೀಕ್ಷೆಯ ವಾರ. ನಮ್ಮದು ಮಳೆನೆರಳಿನ ಸೀಮೆ. ಘಟ್ಟ ದಾಟಿ ಬರುವ ಮೋಡಗಳಲ್ಲಿ ಬಾದಾಮಿ, ಹುನಗುಂದ, ಇಳಕಲ್‌ಗಳ ಪಾಲಿಗೆ ಹೆಚ್ಚೇನೂ ಉಳಿದಿರುವುದಿಲ್ಲ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಒಳಗೇ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುತ್ತದೆ, ಬಂದರೆ ಒಂದೆರಡು ರಾತ್ರಿಯಲ್ಲೇ ಹೊಡೆದು ಹೋಗುತ್ತದೆ. ಬಾರದ ವರ್ಷ ಬಾರದೆಯೇ ಇರುತ್ತದೆ.

ಈ ಹವಾಮಾನಕ್ಕೂ ಸರ್ಕಾರಿ ಟೆಂಡರ್ ಕಾಗದಕ್ಕೂ ಇರುವ ಸಂಬಂಧವನ್ನು ನಾವು ಸಾಕಷ್ಟು ಯೋಚಿಸಿಲ್ಲ. ಗುತ್ತಿಗೆಯ ಕರಾರಿನಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಎಂಬ ಒಂದು ಷರತ್ತು ಇರುತ್ತದೆ. ಕಾಮಗಾರಿ ಮುಗಿದು ಹಸ್ತಾಂತರವಾದ ದಿನದಿಂದ ಇಷ್ಟು ತಿಂಗಳೊಳಗೆ ದೋಷ ಕಂಡರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಅಲ್ಲಿಯವರೆಗೆ ಅವನ ಭದ್ರತಾ ಠೇವಣಿ ಇಲಾಖೆಯ ಕೈಯಲ್ಲಿರುತ್ತದೆ. ಹಲವು ಕಟ್ಟಡ ಕಾಮಗಾರಿಗಳಲ್ಲಿ ಈ ಅವಧಿ 12 ತಿಂಗಳು, ಕೆಲವಕ್ಕೆ ಇನ್ನೂ ಹೆಚ್ಚು. 12 ತಿಂಗಳೆಂದರೆ ಉಡುಪಿಯ ಕಟ್ಟಡಕ್ಕೆ ನಾಲ್ಕು ತಿಂಗಳ ಜಡಿಮಳೆಯ ಪರೀಕ್ಷೆ. ನಮ್ಮಲ್ಲಿ ಅದೇ 12 ತಿಂಗಳು ಒಂದು ಒಳ್ಳೆಯ ಮಳೆಯನ್ನೂ ಕಾಣದೆ ಕಳೆದುಹೋಗಬಹುದು. 2023ನ್ನು ನೆನೆಯಿರಿ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. ಆ ವರ್ಷದ ಆರಂಭದಲ್ಲಿ ಹಸ್ತಾಂತರವಾದ ಒಂದು ಶಾಲಾ ಕೊಠಡಿಯ ಮಾಳಿಗೆಯನ್ನು ಯಾರು ಪರೀಕ್ಷಿಸಿದರು? ಹೊಣೆಯ ಅವಧಿ ಮುಗಿದು, ಠೇವಣಿ ಮರಳಿ, ಕಡತ ಮುಚ್ಚಿದ ಮೇಲೆ ಮಳೆ ಬಂತು. ಆಮೇಲೆ ಸೋರಿದ್ದೆಲ್ಲ ಸರ್ಕಾರದ ಖರ್ಚು, ಅಂದರೆ ನಮ್ಮ ಖರ್ಚು.

ಹಾಗೆಂದು ಇದನ್ನು ಗುತ್ತಿಗೆದಾರನ ಕಳ್ಳತನದ ಕಥೆಯಾಗಿ ಮಾತ್ರ ಓದಬಾರದು. ಪ್ರಾಮಾಣಿಕವಾಗಿ ಹಾಕಿದ ಸ್ಲ್ಯಾಬ್ ಕೂಡ ಈ ಜಿಲ್ಲೆಯಲ್ಲಿ ಸೋರುತ್ತದೆ. ಅದಕ್ಕೆ ಮೊದಲ ಕಾರಣ ಮಳೆಯಲ್ಲ, ಬಿಸಿಲು. ಮೇ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣಾಂಶ 40 ಡಿಗ್ರಿ ಇದ್ದರೆ ಬರಿಯ ಕಾಂಕ್ರೀಟಿನ ಮೇಲ್ಮೈ 60 ಡಿಗ್ರಿಯ ಹತ್ತಿರ ಕಾಯುತ್ತದೆ, ಬೆಳಗಿನ ಜಾವಕ್ಕೆ ಮತ್ತೆ ತಣ್ಣಗಾಗುತ್ತದೆ. ಒಂದು ಡಿಗ್ರಿ ಏರಿದರೆ ಕಾಂಕ್ರೀಟ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹತ್ತು ಭಾಗದಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಾಲ್ಕು ಕೊಠಡಿಗಳ ಸಾಲು ಶಾಲೆಯೆಂದರೆ 30 ಮೀಟರ್ ಉದ್ದ. 30 ಡಿಗ್ರಿ ವ್ಯತ್ಯಾಸಕ್ಕೆ ಆ ಸ್ಲ್ಯಾಬ್ ಸುಮಾರು 9 ಮಿಲಿಮೀಟರ್ ಹಿಗ್ಗಿ ಕುಗ್ಗಬೇಕು, ಅದೂ ಬೇಸಿಗೆಯ ದಿನದಿನವೂ. ಕೆಳಗಿನ ಗೋಡೆ ಅಷ್ಟು ಕಾಯುವುದಿಲ್ಲ, ಅಷ್ಟು ಜರುಗುವುದೂ ಇಲ್ಲ. ಹೀಗೆ ಎಳೆದಾಡಿ ಸ್ಲ್ಯಾಬ್ ಮತ್ತು ಪ್ಯಾರಾಪೆಟ್ ಗೋಡೆ ಕೂಡುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. 45 ಮೀಟರಿಗಿಂತ ಉದ್ದದ ಕಟ್ಟಡಕ್ಕೆ ಹಿಗ್ಗು ಸಂದು ಬಿಡಬೇಕೆಂದು ಭಾರತೀಯ ಮಾನಕ 456 ಹೇಳುವುದೂ ಇದೇ ಕಾರಣಕ್ಕೆ. ಈ ಭಾಗದ ಗೌಂಡಿಗಳನ್ನು ಕೇಳಿದರೆ ಲೆಕ್ಕವಿಲ್ಲದೆ ಹೇಳುತ್ತಾರೆ: ‘ಸ್ಲ್ಯಾಬ್ ನಡುವ ಸೋರೂದಿಲ್ಲರೀ, ಮೂಲ್ಯಾಗ ಸೋರತೈತಿ.’

ಮೂಲೆ, ಸಂದು, ಪೈಪಿನ ಬಾಯಿ. ಮಾಳಿಗೆಯ ಕಷ್ಟವೆಲ್ಲ ಇರುವುದು ಇಲ್ಲೇ. ಇದನ್ನು ತಿಳಿದವರು ಈ ನೆಲದಲ್ಲೇ ಇದ್ದರು. ಹುನಗುಂದ ಸೀಮೆಯ ಐಹೊಳೆಯಲ್ಲಿ ಲಾಡಖಾನ ಗುಡಿಯ ಛಾವಣಿಯನ್ನು ಹೊರಗಿನಿಂದ ನಿಂತು ನೋಡಬೇಕು. ಅದು ಚಾಲುಕ್ಯರ ಕಾಲದ ಗುಡಿ. ಹೊರಸುತ್ತಿನ ಕಲ್ಲುಚಪ್ಪಡಿಗಳನ್ನು ಇಳಿಜಾರಾಗಿ ಹಾಸಿದ್ದಾರೆ. ಚಪ್ಪಡಿಗೆ ಚಪ್ಪಡಿ ಕೂಡುವ ಪ್ರತಿಯೊಂದು ಸಂದಿನ ಮೇಲೂ ಮರದ ತೊಲೆಯ ಆಕಾರದಲ್ಲಿ ಕಡೆದ ಉದ್ದನೆಯ ಕಲ್ಲಿನ ಪಟ್ಟಿ ಮಲಗಿದೆ. ಪ್ರವಾಸಿಗಳಿಗೆ ಅದು ಮರದ ಮನೆಯ ಅನುಕರಣೆಯೆಂದು ಮಾರ್ಗದರ್ಶಿಗಳು ವಿವರಿಸುತ್ತಾರೆ, ಅದೂ ಸರಿಯೇ. ಆದರೆ ಆ ಪಟ್ಟಿ ಅಲಂಕಾರಕ್ಕಷ್ಟೇ ಇಟ್ಟಿದ್ದಲ್ಲ. ಸಂದಿನ ಮೇಲೆ ಬಿದ್ದ ನೀರು ಪಟ್ಟಿಯ ಎರಡೂ ಬದಿಗೆ ಜಾರಿ ಚಪ್ಪಡಿಯ ನಡುವಿಗೆ ಹರಿದು ಇಳಿಜಾರಿನಲ್ಲಿ ಕೆಳಗೆ ಹೋಗುತ್ತದೆ. ಕಲ್ಲು ಬಿಸಿಲಿಗೆ ಹಿಗ್ಗಿ ಜರುಗಿದರೂ ಪಟ್ಟಿ ಸಂದನ್ನು ಮುಚ್ಚಿಯೇ ಇರುತ್ತದೆ. ಸಂದು ಜರುಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಛಾವಣಿ ಅದು. ನಮ್ಮ ಸರ್ಕಾರಿ ಕಾಮಗಾರಿಗಳ ಅಂದಾಜು ಪಟ್ಟಿಗಳಲ್ಲಿ ಇಲ್ಲದಿರುವುದು ಈ ಒಪ್ಪಿಗೆಯೇ.

ಊರ ಮನೆಗಳೂ ಇದನ್ನು ಬೇರೆ ರೀತಿಯಲ್ಲಿ ಒಪ್ಪಿಕೊಂಡಿದ್ದವು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯೋ ಹಾಸಿ, ಮೇಲೆ ಮಣ್ಣು ಬಡಿದು, ಕರ್ಲು ಮಣ್ಣಿನ ಮುಚ್ಚಿಗೆ ಹಾಕುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಹುಲ್ಲು ಕಿತ್ತು, ಹೊಸ ಮಣ್ಣು ಹರಡಿ, ನೀರು ಬೀಳುವ ದೋಣಿಯ ಬಾಯಿ ತೆರವು ಮಾಡುವುದು ವರ್ಷದ ಕೆಲಸ. ಆ ಮಾಳಿಗೆಗಳಿಗೂ ಮಿತಿ ಇತ್ತು. 2009ರ ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಮೊದಲಲ್ಲಿ ಬಿಡದೆ ಸುರಿದಾಗ ನೀರು ಕುಡಿದ ಮಣ್ಣಿನ ಭಾರಕ್ಕೆ ಉತ್ತರ ಕರ್ನಾಟಕದಲ್ಲಿ ಮನೆಗಳು ಕುಸಿದವು, ಜನ ಸತ್ತರು. ‘ಆಸರೆ’ ಮನೆಗಳ ಯೋಜನೆ ಹುಟ್ಟಿದ್ದು ಆಗಲೇ. ಮಣ್ಣಿನ ಮಾಳಿಗೆಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಮಾಳಿಗೆ ಹತ್ತುವ ರೂಢಿ ಮಣ್ಣಿನ ಜೊತೆಗೇ ಹೋಯಿತಲ್ಲ, ಅದಕ್ಕೆ ಮಾತ್ರ ನನಗೆ ಸಂಕಟ. ಆರ್‌ಸಿಸಿ ಎಂದ ಕೂಡಲೇ ಇನ್ನು ಹತ್ತುವ ಕೆಲಸವಿಲ್ಲ ಎಂದುಕೊಂಡೆವು. ಸರ್ಕಾರಿ ಶಾಲೆಯ ಮಾಳಿಗೆಗೆ ಬಹಳ ಕಡೆ ಮೆಟ್ಟಿಲೇ ಇಲ್ಲ. ಬೇವಿನ ಎಲೆ ತುಂಬಿ ಪೈಪಿನ ಬಾಯಿ ಕಟ್ಟಿರುತ್ತದೆ, ಪ್ಯಾರಾಪೆಟ್ ಸಂದಿಯಲ್ಲಿ ಅರಳಿ ಸಸಿ ಬೇರಿಳಿಸಿರುತ್ತದೆ. ಒಂದು ಮಳೆಗೆ ನಿಂತ ನೀರು ವಾರಗಟ್ಟಲೆ ನಿಂತೇ ಇರುತ್ತದೆ.

ಈಗ ಕಾನೂನಿಗೆ ಬರೋಣ. ಸರ್ಕಾರದ ಹಣದಲ್ಲಿ ಮಾಳಿಗೆ ಹಾಕಿಸುವವರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಮತ್ತು ಅದರ 2000ದ ನಿಯಮಾವಳಿಗೆ ಬದ್ಧರು. ಕಚೇರಿಗಳಲ್ಲಿ ಇದಕ್ಕೆ ಕೆಟಿಪಿಪಿ ಎಂದೇ ಹೆಸರು. ತಮಿಳುನಾಡು 1998ರಲ್ಲಿ ಇಂಥ ಕಾನೂನು ಮಾಡಿದ ಬೆನ್ನಿಗೇ ಕರ್ನಾಟಕ ಮಾಡಿತು. ಟೆಂಡರ್ ಬಹಿರಂಗವಾಗಿ ಕರೆಯಬೇಕು, ಟೆಂಡರ್ ಬುಲೆಟಿನ್‌ನಲ್ಲಿ ಪ್ರಕಟಿಸಬೇಕು, ಅರ್ಜಿ ಹಾಕಲು ನಿಯಮದ ಕನಿಷ್ಠ ಕಾಲಾವಕಾಶ ಕೊಡಬೇಕು. ಆ ಅವಧಿಯನ್ನು ಕಡಿತಗೊಳಿಸಬೇಕಾದರೆ ಮೇಲಧಿಕಾರಿ ಕಾರಣವನ್ನು ಬರೆದಿಡಬೇಕು. ಹೇಳಿದ ಮಾನದಂಡದ ಮೇಲೆಯೇ ತೂಗಿ, ಅರ್ಹರಲ್ಲಿ ಕಡಿಮೆ ದರದವನಿಗೆ ಕೆಲಸ ಕೊಡಬೇಕು. ಅನ್ಯಾಯವಾಯಿತೆಂದು ಅನ್ನಿಸಿದ ಗುತ್ತಿಗೆದಾರನಿಗೆ 16ನೇ ಪ್ರಕರಣದಡಿ ಮೇಲ್ಮನವಿಯ ಹಕ್ಕಿದೆ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಕಾಮಗಾರಿಗಳ ಮೀಸಲಾತಿ ನಿಗದಿತ ಮೊತ್ತದವರೆಗೆ ಇದೆ. ಈಗ ಟೆಂಡರ್‌ಗಳೆಲ್ಲ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. ಇಳಕಲ್‌ನಲ್ಲಿ ಕುಳಿತ ಯಾರೇ ಆದರೂ ತಮ್ಮೂರಿನ ಕಾಮಗಾರಿಯ ಪ್ರಕಟಣೆಯನ್ನು ಮೊಬೈಲ್‌ನಲ್ಲೇ ನೋಡಬಹುದು.

ಒಳ್ಳೆಯ ಕಾನೂನು. ಆದರೆ ಅದು ಕಾಯುವುದು ಬೆಲೆಯನ್ನು ಮತ್ತು ಪೈಪೋಟಿಯನ್ನು. ಮಾಳಿಗೆಯನ್ನು ಕಾಯಬೇಕಾದದ್ದು ಅಂದಾಜು ಪಟ್ಟಿ. ಕಡಿಮೆ ದರಕ್ಕೆ ಕೆಲಸ ಕೊಡುವುದು ತಪ್ಪಲ್ಲ, ಏನನ್ನು ಕೊಳ್ಳುತ್ತಿದ್ದೇವೆ ಎಂದು ಸ್ಪಷ್ಟವಾಗಿ ಬರೆದಿದ್ದರೆ. ‘ಮಾಳಿಗೆ ದುರಸ್ತಿ ಮತ್ತು ವಾಟರ್‌ಪ್ರೂಫಿಂಗ್, ಒಟ್ಟು ಇಷ್ಟು ಚದರ ಮೀಟರ್’ ಎಂದಷ್ಟೇ ಬರೆದರೆ ಒಬ್ಬನು ಹಳೆಯ ಪದರ ಕಿತ್ತು ಬಿರುಕು ತುಂಬಿ ಇಳಿಜಾರು ಕೊಡುವ ಲೆಕ್ಕದಲ್ಲಿ ದರ ಹಾಕುತ್ತಾನೆ. ಇನ್ನೊಬ್ಬನು ಎರಡು ಕೋಟ್ ಬಳಿಯುವ ಲೆಕ್ಕದಲ್ಲಿ ಹಾಕುತ್ತಾನೆ. ಕಾನೂನು ಎರಡನೆಯವನನ್ನೇ ಆರಿಸಬೇಕಾಗುತ್ತದೆ.

ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ತೆರೆದರೆ ಬರೆಯುವುದು ಹೇಗೆಂದು ಗೊತ್ತಾಗುತ್ತದೆ. ಮಾಳಿಗೆಯ ಮೇಲೆ ಹಾಸುವ ಇಟ್ಟಿಗೆ ಚೂರಿನ ಕೋಬಾ ಎಂಬ ಐಟಂ ಅಲ್ಲಿ ಪದರಪದರವಾಗಿ ಬಿಡಿಸಿಟ್ಟಿದೆ: ಕೋಬಾದ ಸರಾಸರಿ ದಪ್ಪ 120 ಮಿ.ಮೀ., ನೀರು ಇಳಿಯುವ ಬಾಯಿಯ ಬಳಿ ಕನಿಷ್ಠ 65 ಮಿ.ಮೀ., ಮೇಲೆ 20 ಮಿ.ಮೀ. ಗಾರೆ, ಗಾರೆಯ ಮೇಲೆ 300 ಮಿ.ಮೀ. ಚೌಕದ ಗೆರೆ, ಕೊನೆಗೆ ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ. ಸರಾಸರಿ 120, ಬಾಯಿಯ ಬಳಿ 65 ಎಂದರೆ ಇಳಿಜಾರು ಅದರೊಳಗೇ ಸೇರಿದೆ ಎಂದರ್ಥ. ಆ ಎರಡು ಅಂಕಿ ಬಿಟ್ಟುಹೋದರೆ ಇಳಿಜಾರೂ ಬಿಟ್ಟುಹೋಗುತ್ತದೆ.

ತಗಡಿನ ಛಾವಣಿಗೂ ಹೀಗೇ. ಎಪಿಎಂಸಿ ಹರಾಜು ಕಟ್ಟೆ, ಬಸ್ ತಂಗುದಾಣ, ಶಾಲೆಯ ಅಡುಗೆ ಕೋಣೆ, ನೇಕಾರರ ಶೆಡ್ಡು ಎಲ್ಲದರ ಮೇಲೂ ಈಗ ಬಣ್ಣದ ತಗಡು. ನಮ್ಮ ಜನ ಇದನ್ನೂ ಪತ್ರಾಸ್ ಎಂದೇ ಕರೆಯುತ್ತಾರೆ. ಕೇಂದ್ರದ ದರಪಟ್ಟಿಯಲ್ಲಿ ಬಣ್ಣ ಲೇಪಿತ ತಗಡಿಗೆ ಒಟ್ಟು ದಪ್ಪ 0.50 ಮಿ.ಮೀ., ಚದರ ಮೀಟರಿಗೆ 120 ಗ್ರಾಂ ಸತುವಿನ ಲೇಪ, ಮೇಲೆ ಪ್ರೈಮರ್, ಅದರ ಮೇಲೆ 15–18 ಮೈಕ್ರಾನ್ ಪಾಲಿಯೆಸ್ಟರ್ ಬಣ್ಣ ಎಂದಿದೆ. ಬಣ್ಣದ ಲೇಪ ಇಲ್ಲದ ಮಾಮೂಲಿ ಜಿಐ ತಗಡಿಗೆ ಸತು 275 ಗ್ರಾಂಗಿಂತ ಕಡಿಮೆ ಇರಬಾರದು ಎಂದಿದೆ. ದಪ್ಪವಾಗಲಿ ಸತುವಾಗಲಿ ಕಣ್ಣಿಗೆ ಕಾಣುವ ವಿಷಯಗಳಲ್ಲ. 0.40 ತಗಡನ್ನೂ 0.50 ತಗಡನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣ ಒಂದೇ, ಹೊಳಪು ಒಂದೇ. ಗೇಜ್ ಅಳೆಯುವ ಮೈಕ್ರೋಮೀಟರನ್ನು ತಗಡಿನ ಅಂಚಿಗೆ ಹಿಡಿದರೆ ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಅರೆ ನಿಮಿಷ ತಗಡು ಮೇಲೇರುವ ಮುಂಚೆ ಸಿಗಬೇಕು.

ತಗಡಿನ ಆಯುಷ್ಯ ಇನ್ನೂ ಚಿಕ್ಕದೊಂದು ವಸ್ತುವಿನ ಮೇಲೆ ನಿಂತಿದೆ, ಅದು ಸ್ಕ್ರೂ. ಅದರ ತಲೆಯ ಕೆಳಗೆ ಇಪಿಡಿಎಂ ರಬ್ಬರಿನ ಕಪ್ಪು ವಾಷರ್ ಇರುತ್ತದೆ, ತೂತನ್ನು ಮುಚ್ಚುವುದು ಅದೇ. ಕಡಿಮೆ ಬಿಗಿದರೆ ನೀರು ನುಗ್ಗುತ್ತದೆ. ವಿಪರೀತ ಬಿಗಿದರೆ ರಬ್ಬರ್ ಚಪ್ಪಟೆಯಾಗಿ ಅಂಚು ಒಡೆದು ಎರಡು ಬೇಸಿಗೆಯಲ್ಲಿ ಪುಡಿಯಾಗುತ್ತದೆ. ಸ್ಕ್ರೂ ಹೊಡೆಯಬೇಕಾದ್ದು ತಗಡಿನ ಏರಿನ ಮೇಲೆ, ಏಕೆಂದರೆ ನೀರು ಹರಿಯುವುದು ತಗ್ಗಿನಲ್ಲಿ. ತಗ್ಗಿನಲ್ಲಿ ಹೊಡೆದರೆ ಕೆಲಸ ಬೇಗ ಆಗುತ್ತದೆ, ಸ್ಕ್ರೂ ಗಿಡ್ಡದಾದರೂ ನಡೆಯುತ್ತದೆ. ಆದರೆ ಪ್ರತಿ ತೂತೂ ನೀರಿನ ದಾರಿಯಲ್ಲೇ ಕೂತಿರುತ್ತದೆ. ಯಾವುದೇ ಸರ್ಕಾರಿ ಶೆಡ್ಡಿನ ಹೊರಗೆ ನಿಂತು ತಲೆಯೆತ್ತಿ ನೋಡಿದರೆ ಸ್ಕ್ರೂ ಏರಿನಲ್ಲಿದೆಯೋ ತಗ್ಗಿನಲ್ಲಿದೆಯೋ ಯಾರಿಗೂ ಕಾಣುತ್ತದೆ. ಇದನ್ನು ನೋಡಲು ಎಂಜಿನಿಯರಿಂಗ್ ಓದಿರಬೇಕಿಲ್ಲ.

ಮಾಳಿಗೆಯ ದುರಸ್ತಿಗೆ ಮತ್ತೊಂದು ರೋಗವಿದೆ, ತುಂಡು ಗುತ್ತಿಗೆ. ನಿಗದಿತ ಮೊತ್ತದೊಳಗಿನ ಸಣ್ಣ ಕಾಮಗಾರಿಗೆ ಕಾಯ್ದೆಯೇ ಟೆಂಡರಿನಿಂದ ವಿನಾಯಿತಿ ಕೊಟ್ಟಿದೆ. ತುರ್ತು ಕೆಲಸಕ್ಕೆ ಅದು ಬೇಕೂ ಹೌದು, ಒಡೆದ ಪೈಪಿಗೆ ತಿಂಗಳು ಕಾಯಲಾಗದು. ಆದರೆ ಆರು ಕೊಠಡಿಯ ಶಾಲೆಯ ಮಾಳಿಗೆಯನ್ನು ಎರಡೆರಡು ಕೊಠಡಿಯ ಮೂರು ಕಾಮಗಾರಿಯಾಗಿ ಕತ್ತರಿಸಿದರೆ, ಮೂರು ಕೈ ಮೂರು ಸಲ ಹಾಕಿದ ಮೂರು ತುಂಡಿನ ನಡುವೆ ಎರಡು ಹೊಸ ಸಂದು ಹುಟ್ಟುತ್ತವೆ. ಸೋರಿದಾಗ ಇದು ಅವನ ಭಾಗ, ಅದು ಇವನ ಭಾಗ ಎಂಬ ಮಾತು ಶುರುವಾಗುತ್ತದೆ. ಮಾಳಿಗೆ ಕತ್ತರಿಸಿ ಹಂಚುವ ವಸ್ತುವಲ್ಲ. ಒಂದು ಕಟ್ಟಡದ ಮಾಳಿಗೆ ಒಂದೇ ಕಾಮಗಾರಿ ಆಗಬೇಕು, ಒಬ್ಬನದೇ ಹೊಣೆ ಆಗಬೇಕು. ಕಾಯ್ದೆಯ 4(ಜಿ) ವಿನಾಯಿತಿ ಪಡೆದು ಸರ್ಕಾರದ್ದೇ ಸಂಸ್ಥೆಗಳಿಗೆ ನೇರವಾಗಿ ವಹಿಸುವ ಕಾಮಗಾರಿಗೂ ನನ್ನ ಮಾತು ಇದೇ. ಯಾರು ಕಟ್ಟಿದರು ಎಂಬುದಕ್ಕಿಂತ ಯಾರು ಎಷ್ಟು ವರ್ಷ ಉತ್ತರ ಕೊಡಬೇಕು ಎಂಬುದು ಕಾಗದದಲ್ಲಿರಲಿ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಇನ್ನೊಂದು ಕಾನೂನೂ ಇದೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ ಅನುಮತಿ ಪಡೆದು ದುರಸ್ತಿ ಮಾಡಬಹುದು. ಊರ ನಡುವೆಯೇ ಗುಡಿಗಳಿರುವ ಈ ಸ್ಥಳಗಳಲ್ಲಿ ಅಂಗನವಾಡಿಯ ತಗಡು ಬದಲಿಸುವುದಕ್ಕೂ ಈ ಕಾಗದ ಬೇಕಾಗಬಹುದು. ಟೆಂಡರ್ ಆದ ಮೇಲೆ ಅನುಮತಿಗೆ ಓಡಿದರೆ ಕಾಮಗಾರಿ ನಿಲ್ಲುತ್ತದೆ, ದರ ಹಳೆಯದಾಗುತ್ತದೆ, ಕಿತ್ತ ಮಾಳಿಗೆ ಹಾಗೇ ತೆರೆದಿರುತ್ತದೆ. ಅನುಮತಿ ಅಂದಾಜು ಪಟ್ಟಿಯ ಜೊತೆಗೇ ಬರಬೇಕು.

ನವನಗರದ ಪರಿಸ್ಥಿತಿ ಇನ್ನೂ ಬೇರೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗುತ್ತವೆಂದು ಕಟ್ಟಿದ ಊರು ಅದು. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳೂ ಅಲ್ಲೇ ಎದ್ದವು. ಹತ್ತಿಪ್ಪತ್ತು ವರ್ಷಗಳೊಳಗೆ ಒಟ್ಟಿಗೆ ಎದ್ದ ಕಟ್ಟಡಗಳ ಮಾಳಿಗೆಗಳಿಗೆ ಈಗ ಒಟ್ಟಿಗೇ ವಯಸ್ಸಾಗುತ್ತಿದೆ. ಲೋಕೋಪಯೋಗಿ, ಪಂಚಾಯತ್ ರಾಜ್ ಎಂಜಿನಿಯರಿಂಗ್, ಪೊಲೀಸ್ ವಸತಿ ನಿಗಮ, ನಿರ್ಮಿತಿ ಕೇಂದ್ರ ಹೀಗೆ ಒಬ್ಬೊಬ್ಬರದು ಒಂದೊಂದು ಕಟ್ಟಡ. ಯಾವ ಮಾಳಿಗೆ ಯಾವ ವರ್ಷದ್ದು, ಕೊನೆಯ ಸಲ ಯಾವಾಗ ಲೇಪ ಹಾಕಿದ್ದು, ಯಾರ ಖಾತರಿ ಯಾವಾಗ ಮುಗಿಯುತ್ತದೆ ಎಂಬುದು ಒಂದೇ ವಹಿಯಲ್ಲಿ ಜಿಲ್ಲಾಡಳಿತದ ಮೇಜಿನ ಮೇಲಿರಬೇಕು. ಇಳಕಲ್ 2018ರಲ್ಲಿ ತಾಲೂಕಾಗಿ ಹೊಸ ಕಚೇರಿಗಳು ಬೇಕಾಗಿರುವ ಊರು. ಅಲ್ಲಿ ಆ ವಹಿಯನ್ನು ಮೊದಲ ಕಟ್ಟಡದಿಂದಲೇ ಶುರು ಮಾಡಬಹುದು.

ಮತ್ತೆ ಹೊಣೆಯ ಮಾತಿಗೆ ಬರುತ್ತೇನೆ. ಕೇಂದ್ರ ಲೋಕೋಪಯೋಗಿ ಇಲಾಖೆ ವಾಟರ್‌ಪ್ರೂಫಿಂಗ್ ಕೆಲಸಕ್ಕೆ ಸಾಮಾನ್ಯ ಹೊಣೆಗಾರಿಕೆ ಅವಧಿಯ ಮೇಲೆ 10 ವರ್ಷದ ಪ್ರತ್ಯೇಕ ಖಾತರಿ ಪತ್ರ ಬರೆಸಿಕೊಳ್ಳುತ್ತದೆ, ಆ ಕೆಲಸದ ಮೊತ್ತದ ಶೇ 10ನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತು ವರ್ಷವೆಂದರೆ ನಮ್ಮ ಜಿಲ್ಲೆಯಲ್ಲೂ ಎರಡು ಮೂರು ಜೋರು ಹಿಂಗಾರು ಅದರೊಳಗೆ ಬಂದೇ ಬರುತ್ತವೆ. ಷರತ್ತು ಟೆಂಡರ್ ಪುಸ್ತಿಕೆಯಲ್ಲಿ ಮೊದಲೇ ಇದ್ದು ಎಲ್ಲ ಗುತ್ತಿಗೆದಾರರಿಗೂ ಒಂದೇ ಆಗಿದ್ದರೆ ಕೆಟಿಪಿಪಿ ಕಾಯ್ದೆ ಇದಕ್ಕೆ ಅಡ್ಡ ಬರುವುದಿಲ್ಲ. ದರ ಸ್ವಲ್ಪ ಏರುತ್ತದೆ. ಏರಲಿ. ಎರಡು ಕೋಟ್ ಬಳಿದು ಹೋಗುವವನು ಆ ಖಾತರಿಗೆ ಸಹಿ ಹಾಕುವ ಮುಂಚೆ ಯೋಚಿಸುತ್ತಾನೆ. ಸರಿಯಾಗಿ ಕೆಲಸ ಮಾಡುವ ಸ್ಥಳೀಯ ಗುತ್ತಿಗೆದಾರನಿಗೆ ಮೊದಲ ಸಲ ಸಮನಾದ ಪೈಪೋಟಿ ಸಿಗುತ್ತದೆ.

ಮಳೆಗೆ ಕಾಯಬೇಕಿಲ್ಲದ ಪರೀಕ್ಷೆಯೂ ಇದೆ. ಪೈಪಿನ ಬಾಯಿ ಮುಚ್ಚಿ, ಮಾಳಿಗೆಯ ಮೇಲೆ ನೀರು ಕಟ್ಟಿ, ಪ್ಯಾರಾಪೆಟ್ ಗೋಡೆಗೆ ನೀರಿನ ಮಟ್ಟದ ಗೆರೆ ಎಳೆದು, ದಿನಗಟ್ಟಲೆ ನಿಲ್ಲಿಸಿ, ಕೆಳಗೆ ಕೊಠಡಿಯೊಳಗೆ ನಿಂತು ಸ್ಲ್ಯಾಬಿನ ತಳ ನೋಡುವುದು. ನೀರಿಗೆ ಬರವಿರುವ ಊರಿನಲ್ಲಿ ಟ್ಯಾಂಕರ್ ನೀರನ್ನು ಮಾಳಿಗೆಗೆ ಸುರಿಯುವುದು ಕಷ್ಟದ ಮಾತೇ. ಆದರೂ ಹಸ್ತಾಂತರಕ್ಕೆ ಮೊದಲು ಒಂದು ಸಲ ಇದು ಆಗಬೇಕು, ಯಾವ ದಿನ, ಎಷ್ಟು ಎತ್ತರ, ಎಷ್ಟು ಗಂಟೆ ಎಂಬುದು ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದಲ್ಲಿ ಬರೆದಿರಬೇಕು. ಅಳತೆ ಪುಸ್ತಕದಲ್ಲಿ ಸಿಮೆಂಟಿನ ಲೆಕ್ಕ ಇರುವಂತೆ ನೀರಿನ ಲೆಕ್ಕವೂ ಇರಲಿ, ಅದು ಇಲ್ಲದೆ ಕೊನೆಯ ಬಿಲ್ ಪಾಸಾಗಬಾರದು. ಮಾಳಿಗೆ ಮುಗಿದ ಮೇಲೆ ಸೋಲಾರ್ ಚೌಕಟ್ಟಿಗೋ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೋ ಸ್ಲ್ಯಾಬಿಗೆ ಬೋಲ್ಟ್ ಹೊಡೆಯುವ ಇನ್ನೊಂದು ಇಲಾಖೆಯೂ ಈ ಖಾತರಿಯನ್ನು ಓದಿರಬೇಕು. ಎಷ್ಟೋ ಒಳ್ಳೆಯ ಮಾಳಿಗೆಗಳು ಕೆಡುವುದು ಆ ನಾಲ್ಕು ತೂತುಗಳಿಂದ.

ಕಾಲದ ಲೆಕ್ಕವೂ ತಿರುಗಬೇಕು. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾಗಿ, ಕ್ರಿಯಾ ಯೋಜನೆಗೆ ಅನುಮೋದನೆ, ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲ ಮುಗಿಯುವ ಹೊತ್ತಿಗೆ ಮಳೆಗಾಲ ಕಳೆದು ಮಾರ್ಚ್ ಎದುರಿಗಿರುತ್ತದೆ. ಬಿಲ್ಲಿನ ಅವಸರದಲ್ಲಿ ಗಾರೆ ಒಣಗುವ ಮೊದಲೇ ಎಂ.ಬಿ. ಬರೆದಾಗುತ್ತದೆ. ಮಾಳಿಗೆಯ ಕೆಲಸಕ್ಕೆ ಮಾತ್ರ ಅಕ್ಟೋಬರಿನ ಮಳೆ ನಿಂತ ಕೂಡಲೇ ಒದ್ದೆ ಕಲೆಗಳು ಗೋಡೆಯ ಮೇಲೆ ಇರುವಾಗಲೇ ಫೋಟೊ ತೆಗೆದು ಪಟ್ಟಿ ಮಾಡಬೇಕು. ಬೇಸಿಗೆ ಬಂದ ಮೇಲೆ ಸುಣ್ಣ ಬಳಿದ ಗೋಡೆಯಲ್ಲಿ ಸೋರಿದ ಜಾಗ ಯಾವ ಎಂಜಿನಿಯರಿಗೂ ಕಾಣುವುದಿಲ್ಲ. ಈ ಫೋಟೊ ತೆಗೆಯಲು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಿಂತ (ಎಸ್‌ಡಿಎಂಸಿ) ಹತ್ತಿರದವರು ಯಾರೂ ಇಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಬಾದಾಮಿ, ಹುನಗುಂದ ತಾಲೂಕುಗಳ ನದಿದಡದ ಊರುಗಳಿಗೆ ನುಗ್ಗಿದಳು. ಅಂಥ ಹೊತ್ತಿನಲ್ಲಿ ಮನೆ ಬಿಟ್ಟವರು ಸೇರುವುದು ಎತ್ತರದ ಸರ್ಕಾರಿ ಶಾಲೆ, ಸಮುದಾಯ ಭವನಗಳಲ್ಲಿ. ಪರಿಹಾರ ಕೇಂದ್ರ ಎಂಬ ಫಲಕ ಬೀಳುವುದು ಆ ಬಾಗಿಲಿಗೇ. ಆ ಮಾಳಿಗೆ ಮಕ್ಕಳದ್ದು ಮಾತ್ರವಲ್ಲ, ಕೆಟ್ಟ ವರ್ಷದಲ್ಲಿ ಇಡೀ ಊರಿನದು.

ಆದ್ದರಿಂದ ಊರಿನವರಿಗೆ ಕೇಳುವ ಹಕ್ಕಿದೆ, ಕಾನೂನೂ ಅದನ್ನು ಕೊಟ್ಟಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕರಣ ಕಾಗದದ ನಕಲು ಕೊಡಿಸುವುದಕ್ಕೆ ನಿಲ್ಲುವುದಿಲ್ಲ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಅದು ನಾಗರಿಕನಿಗೆ ಅವಕಾಶ ಕೊಡುತ್ತದೆ. ಶಾಲೆಗೆ ಹೊಸ ತಗಡು ಬಂದಿಳಿದ ದಿನವೇ ಒಂದು ಅರ್ಜಿ ಬರೆದರೆ ಅಂದಾಜು ಪಟ್ಟಿಯ ಆ ಐಟಂ, ಎಂ.ಬಿ.ಯ ಆ ಪುಟ, ತಗಡಿನ ಒಂದು ತುಂಡು, ಮೂರನ್ನೂ ಕೇಳಬಹುದು. ಅರ್ಜಿಯ ಶುಲ್ಕ 10 ರೂಪಾಯಿ.